ನಮ್ಮ ಬನ್ನಿ ಜಾಲಿಯಾದ ಸಂಜೆ

ವಿಜಯದಶಮಿ, ಬೆಳಿಗ್ಗೆ ಆರು ಗಂಟೆ. ಸ್ಥಳ: ಹೊಸಪೇಟೆಯಲ್ಲಿ ಸಂಡೂರು ರಸ್ತೆಗೆ ಹೊಂದಿಕೊಂಡ ಓಣಿಯೊಂದರ ನಮ್ಮ ಮನೆಯ ಅಂಗಳ. ಹಾಜರಿದ್ದವರು: ನಾನು, ಕೈಯಲ್ಲಿ ನೀರಿನ ಪೈಪು ಹಿಡಿದ ನನ್ನ ಹೆಂಡತಿ ನೀಲಾ, ಗೋಡೆಯಾಚೆ, ಕುತ್ತಿಗೆಯಿಂದ ಮೇಲಷ್ಟೇ ಕಾಣುವ ಪಕ್ಕದ ಮನೆಯ ಹಂಪಮ್ಮಕ್ಕ, ಬನ್ನಿ ಗಿಡದ ಮೇಲೆ ಎರಡು ಹಕ್ಕಿಗಳು, ಅವುಗಳ ಗೂಡಿನೊಳಗೆ, ದನಿ ಕೇಳಿದರೂ ಎಣಿಕೆಗೆ ಸಿಗದ ಮರಿಗಳು.

ಈ ಹಾಜರಿ ಇವತ್ತಿನದಲ್ಲ, ಅದಿರಿನ ಲಾರಿಗಳು ಊರಿನ ನಿದ್ದೆ ಕೆಡಿಸುತ್ತಿದ್ದ ಕಾಲದ್ದು. ಮೊನ್ನೆ ಕಪಾಟು ಒಪ್ಪ ಮಾಡುವಾಗ ನನ್ನ ಹಳೆಯ ಸೀಟಿ ಸಿಕ್ಕಿತು. ಸುಮ್ಮನೆ ಬಾಯಿಗಿಟ್ಟು ಊದಿದೆ. ಸದ್ದಿಗಿಂತ ಮೊದಲು ಒಂದು ಚಿಟಿಕೆ ಕೆಂಪು ಧೂಳು ಹೊರಬಂದು ಮೂಗಿಗೆ ಹೊಡೆಯಿತು. ಅದರ ಹಿಂದೆಯೇ ಆ ದಸರೆ ನೆನಪಾಯಿತು.

ಟಿ.ಬಿ. ಡ್ಯಾಂ ಕಡೆಯ ಶಾಲೆಯೊಂದರಲ್ಲಿ ನಾನು ಡ್ರಿಲ್ ಮಾಸ್ತರನಾಗಿದ್ದವನು. ನಿವೃತ್ತಿಯ ದಿನ ಶಾಲೆಯವರು ಹಾರ ಹಾಕಿದರು, ಶಾಲು ಹೊದಿಸಿದರು, ಸೀಟಿ ವಾಪಸು ಕೇಳುವುದನ್ನು ಮರೆತರು. ಆ ಮರೆವಿನ ಫಲವನ್ನು ನಮ್ಮ ಓಣಿ ಬಹಳ ವರ್ಷ ಉಂಡಿತು. ಕಸದ ಗಾಡಿ ಬಂದರೆ ಸೀಟಿ, ನಲ್ಲಿಯಲ್ಲಿ ನೀರು ಬಂದರೆ ಸೀಟಿ, ಯಾರಾದರೂ ನಮ್ಮ ಗೋಡೆಗೆ ಸೈಕಲ್ ಒರಗಿಸಿದರೆ ಎರಡು ಸೀಟಿ. ಐದು ಗಂಟೆಗೆ ಏಳುವುದು, ಐದೂಕಾಲಿಗೆ ಅಂಗಳ ಗುಡಿಸುವುದು, ಐದೂವರೆಗೆ ಚಹಾ. ಅತಿಥಿಗಳು ಬಂದರೆ ಅವರಿಗೂ ಇದೇ ವೇಳಾಪಟ್ಟಿ. ಅದಕ್ಕೇ ನಮ್ಮ ಮನೆಗೆ ಅತಿಥಿಗಳು ಕಡಿಮೆ ಎಂದು ನೀಲಾ ಹೇಳುತ್ತಾಳೆ.

ಮನೆ ಕಟ್ಟಿಸಿದ ಹೊಸದರಲ್ಲಿ ತೋಟವನ್ನೂ ಹೀಗೇ ಮಾಡಿದ್ದೆ. ನಡುವೆ ಲಾನು, ಅಂಚಿಗೆ ಕ್ರೋಟನ್, ಗೇಟಿನ ಎರಡೂ ಬದಿಗೆ ಅಟೆನ್ಷನ್‌ನಲ್ಲಿ ನಿಂತ ಅಶೋಕ ಗಿಡಗಳು. ಪಾತಿಗಳ ಸುತ್ತ ಆಟದ ಮೈದಾನದ ಹಾಗೆ ಸುಣ್ಣದ ಗೆರೆ. ಎಲೆ ಉದುರಿದರೆ ಅದು ನೆಲದ ಮೇಲೆ ಎರಡನೆಯ ಸಲ ಹೊರಳುವ ಮೊದಲು ನಾನು ಅಲ್ಲಿರುತ್ತಿದ್ದೆ. ತೋಟಕ್ಕೆ ಯಾವ ಕೊರತೆಯೂ ಇರಲಿಲ್ಲ, ಹಕ್ಕಿಯೊಂದು ಬರುತ್ತಿರಲಿಲ್ಲ. ಅಪರೂಪಕ್ಕೆ ಒಂದು ಕಾಗೆ ಗೋಡೆಯ ಮೇಲೆ ಕೂತು ಅತ್ತಿತ್ತ ನೋಡಿ, ವಿಳಾಸ ತಪ್ಪಿ ಬಂದವರಂತೆ ಎದ್ದು ಹೋಗುತ್ತಿತ್ತು.

ಗೋಡೆಯಾಚೆಯ ಹಂಪಮ್ಮಕ್ಕನ ಹಿತ್ತಲಿನಲ್ಲಿ ಮಾತ್ರ ಬೆಳಗಾದರೆ ಶಾಲೆ ಬಿಟ್ಟಷ್ಟು ಗದ್ದಲ. ಅಲ್ಲಿದ್ದದ್ದಾದರೂ ಏನು? ಒಂದು ಬಾರಿ ಹಣ್ಣಿನ ಕಂಟಿ, ಎಕ್ಕ, ತುಂಬೆ, ಎಲ್ಲೆಲ್ಲಿಗೋ ಹಬ್ಬಿದ ತೊಂಡೆ ಬಳ್ಳಿ. ಹಂಪಮ್ಮಕ್ಕ ನನಗಿಂತ ಹಿರಿಯರು, ಕಂಪ್ಲಿ ಕಡೆಯ ಮೆಟ್ರಿಯವರು. ನನ್ನ ಊರೂ ಅದೇ. ಆ ಸಲಿಗೆಯಿಂದ ಒಂದು ದಿನ ನಾಚಿಕೆ ಬಿಟ್ಟು ಕೇಳಿದೆ.

“ಅಕ್ಕಾ, ನಿಮ್ಮ ಹಿತ್ತಲಕ್ಕ ಅಷ್ಟ್ ಹಕ್ಕಿ ಬರ್ತಾವಲ್ಲ, ಏನ್ ಹಾಕ್ತೀರಿ ಅವಕ್ಕ?”

“ನಾ ಏನ್ ಹಾಕ್ಲಿ ಮಾಸ್ತರ? ಬೆಳದದ್ದನ್ನ ಕೀಳಂಗಿಲ್ಲ, ಅಷ್ಟ. ನಿಮ್ಮ ಅಂಗಳ ನೋಡಿದ್ರ ನನಗ ಚಪ್ಪಲಿ ಬಿಟ್ಟು ಒಳಗ ಬರಬೇಕು ಅನಸ್ತೈತಿ. ಹಕ್ಕಿಗೂ ಹಂಗ ಅನಸ್ತಿರಬೇಕು ನೋಡ್ರಿ.”

ಈ ಮಾತು ನನಗೆ ತಾಗಿತು. ಡ್ರಿಲ್ ಮಾಸ್ತರನ ತೋಟಕ್ಕೆ ಹಾಜರಿ ಸೊನ್ನೆ ಎಂದರೇನು? ಆ ಮಳೆಗಾಲದಲ್ಲೇ ಲಾನು ಕಿತ್ತೆ, ಕ್ರೋಟನ್‌ಗಳಿಗೆ ವರ್ಗಾವಣೆ ಮಾಡಿದೆ. ಸಸ್ಯಕ್ಷೇತ್ರಕ್ಕೆ ಹೋಗಿ ನಮ್ಮ ಸಂಡೂರು ಗುಡ್ಡಗಳಲ್ಲಿ ಬೆಳೆಯುವ ಗಿಡಗಳೇ ಬೇಕೆಂದು ಕೇಳಿ ಕವಳಿ, ಮುತ್ತುಗ, ಬಾರಿ, ಬನ್ನಿಯ ಸಸಿಗಳನ್ನು ತಂದೆ. ತಂದವನು ಸುಮ್ಮನೆ ನೆಟ್ಟೆನೇ? ಎತ್ತರದ ಪ್ರಕಾರ ಸಾಲು ಮಾಡಿ, ಒಂದೊಂದರ ನಡುವೆ ಕೈ ಚಾಚುವಷ್ಟು ಅಂತರ ಬಿಟ್ಟು ನೆಟ್ಟೆ. ಶಾಲೆಯ ಮಕ್ಕಳಾದರೂ ಐದು ನಿಮಿಷ ಹಾಗೇ ನಿಲ್ಲುತ್ತಿದ್ದವು. ಈ ಗಿಡಗಳು ನಿಲ್ಲಲಿಲ್ಲ. ಮುತ್ತುಗ ಸಾಲು ಬಿಟ್ಟು ವಾಲಿತು. ಕವಳಿ ಪಕ್ಕದವನ ಹೆಗಲ ಮೇಲೆ ಕೈ ಹಾಕಿತು. ಬಾರಿ ಹಿಂದಿನಿಂದ ಎಲ್ಲರನ್ನೂ ಚುಚ್ಚಿತು. ಬನ್ನಿಯೊಂದೇ, ಬೆಳವಣಿಗೆ ನಿಧಾನವಾದರೂ, ಹೇಳಿದ ಕಡೆ ನಿಂತಿತ್ತು. ಹಾಗಾಗಿ ಅದರ ಮೇಲೆ ನನಗೆ ಒಂದು ತೂಕ ಹೆಚ್ಚು ಪ್ರೀತಿ.

ಗಿಡ ನೆಟ್ಟರೆ ಮುಗಿಯಲಿಲ್ಲ. ಆ ವರ್ಷಗಳಲ್ಲಿ ಲಾರಿಗಳು ಸಂಡೂರಿನ ಗುಡ್ಡವನ್ನೇ ಹೊತ್ತುಕೊಂಡು ಓಡುತ್ತಿದ್ದವು. ಹಗ್ಗದ ಮೇಲೆ ಒಣಹಾಕಿದ ನನ್ನ ಬಿಳಿ ಪಂಚೆ ಸಂಜೆಯ ಹೊತ್ತಿಗೆ ಸಂನ್ಯಾಸ ಸ್ವೀಕರಿಸಿರುತ್ತಿತ್ತು. ಎಲೆಗಳ ಮೇಲೆ ಕೆಂಪು ಧೂಳು ಬೆರಳಿನಿಂದ ಹೆಸರು ಬರೆಯುವಷ್ಟು ಕೂರುತ್ತಿತ್ತು. ನೀಲಾ ದಿನವೂ ಬೆಳಿಗ್ಗೆ ಪೈಪು ಹಿಡಿದು ಗಿಡಗಳಿಗೆ ಸ್ನಾನ ಮಾಡಿಸುತ್ತಿದ್ದಳು. “ನನ್ನ ಮಕ್ಕಳಿಗೂ ದಿನಾ ಇಷ್ಟು ಮೈ ತೊಳದಿಲ್ಲ” ಎಂದು ಗೊಣಗುತ್ತಲೇ ಒಂದು ಎಲೆಯನ್ನೂ ಬಿಡುತ್ತಿರಲಿಲ್ಲ.

ಇದರ ಜೊತೆಗೆ ನಾನೊಂದು ಯುದ್ಧವನ್ನೂ ಸಾರಿದ್ದೆ, ಬಳ್ಳಾರಿ ಜಾಲಿಯ ಮೇಲೆ. ಎಲ್ಲಿಯದೋ ಪರದೇಶದ ಮುಳ್ಳು. ಬಂದು ನಮ್ಮ ಜಿಲ್ಲೆಯ ಹೆಸರನ್ನೇ ತನ್ನದಾಗಿ ಮಾಡಿಕೊಂಡು ಖಾಲಿ ನಿವೇಶನ, ಕೆರೆಯಂಗಳ ಎಲ್ಲ ಆಕ್ರಮಿಸಿ ಕೂತಿದೆ. ಓಣಿಯ ಜನರನ್ನು ಸೀಟಿ ಊದಿ ಸೇರಿಸಿ ಇದರ ಬಗ್ಗೆ ನಾನು ಮಾಡಿದ ಭಾಷಣಗಳಿಗೆ ಲೆಕ್ಕವಿಲ್ಲ. ಕೊನೆಗೆ ಎದುರು ಮನೆಯ ವಿರೂಪಣ್ಣ ತನ್ನ ಜೆಸಿಬಿ ಕಳಿಸಿ ಓಣಿಯ ಜಾಲಿಯನ್ನೆಲ್ಲ ಕೀಳಿಸಿಕೊಟ್ಟ. ಈ ವಿರೂಪಣ್ಣ ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡು ಆರಾಮವಾಗಿದ್ದವನು. ಅದಿರಿನ ಗಾಳಿ ಬೀಸಿದ ಮೇಲೆ ಲಾರಿ ಕೊಂಡ, ಜೆಸಿಬಿ ಕೊಂಡ, ನಮ್ಮ ಎದುರಿಗೆ ಮೂರು ಅಂತಸ್ತು ಎಬ್ಬಿಸಿದ. ಒಳ್ಳೆಯ ಮನುಷ್ಯ. ಯಾರಿಗೆ ಏನು ಕಷ್ಟವೆಂದರೂ ಅವನ ಬಾಯಿಂದ ಬರುವ ಮೊದಲ ಮಾತು, “ಜೆಸಿಬಿ ಕಳಸ್ಲೇನು?”

ಬನ್ನಿಯ ಮಾತು ಎಲ್ಲಿಗೆ ಬಂತು? ನಮ್ಮ ಕಡೆ ವಿಜಯದಶಮಿಯೆಂದರೆ ಬನ್ನಿ. ಮೆಟ್ರಿಯಲ್ಲಿ ನಾವು ಹುಡುಗರಾಗಿದ್ದಾಗ ಸಂಜೆಯಾಗುತ್ತಲೇ ಊರಾಚೆಯ ಬನ್ನಿ ಮರಕ್ಕೆ ಓಡುತ್ತಿದ್ದೆವು. ಗಂಜಿ ಬಿಡದ ಹೊಸ ಅಂಗಿ ಕುತ್ತಿಗೆಗೆ ಗೀರುತ್ತಿತ್ತು. ಎರಡೂ ಜೇಬಿಗೆ ಎಲೆ ತುಂಬಿಕೊಂಡು ಇಳಿಯುವಾಗ ಮುಳ್ಳು ಒಂದು ಜೇಬನ್ನು ತಾನೇ ಇಟ್ಟುಕೊಳ್ಳುತ್ತಿತ್ತು. ಆಮೇಲೆ ಮನೆಮನೆಗೆ ಹೋಗಿ ಹಿರಿಯರ ಕೈಗೆ ಬನ್ನಿ ಕೊಟ್ಟು, “ಬಂಗಾರದಂಗ ಇರೂಣು” ಎಂದು ಕಾಲಿಗೆ ಬೀಳುವುದು; ನಮ್ಮ ಕಡೆ ಬನ್ನಿ ಮುಡಿಯುವುದೆಂದರೆ ಇದೇ. ಮಾತು ಬಿಟ್ಟವರೂ ಅವತ್ತು ಒಬ್ಬರಿಗೊಬ್ಬರು ಬನ್ನಿ ಕೊಡಲೇಬೇಕು. ನನ್ನ ಅಜ್ಜನಿಗೂ ಅವನ ತಮ್ಮನಿಗೂ ಹೊಲದ ಬದುವಿನ ವಿಷಯಕ್ಕೆ ಮಾತಿರಲಿಲ್ಲ. ದಸರೆಯ ಸಂಜೆ ಇಬ್ಬರೂ ತಬ್ಬಿಕೊಂಡು ಕಣ್ಣು ಒರೆಸಿಕೊಳ್ಳುವರು; ಮರುದಿನ ಬೆಳಿಗ್ಗೆ ಎದುರಾದರೆ ಮುಖ ತಿರುಗಿಸುವರು. ಜಗಳಕ್ಕೂ ಒಂದು ಶಿಸ್ತಿತ್ತು.

ನಮ್ಮ ಓಣಿಯ ಹೊರಗೂ ಒಂದು ಹಳೆಯ ಬನ್ನಿ ಮರವಿತ್ತು. ರಸ್ತೆ ಅಗಲವಾದಾಗ ಅದು ಹೋಯಿತು. ಅದಾದ ಮೇಲಿನ ದಸರೆಗೆ ಜನ ಪೇಟೆಯಿಂದ ಬಾಡಿದ ಟೊಂಗೆ ತರುವುದನ್ನು ನೋಡಲಾರದೆ ನಾನೇ ಸೀಟಿ ಊದಿ ಘೋಷಿಸಿದ್ದೆ: “ಎಲ್ಲಾರೂ ನಮ್ಮ ಅಂಗಳಕ್ಕ ಬರ್ರಿ. ಅಪ್ಪಟ ನಮ್ಮ ನೆಲದ ಬನ್ನಿ ಐತಿ.” ಬಂದರು. ಸಾಲಿನಲ್ಲಿ ನಿಲ್ಲಿಸಿದೆ. ಸಾಲು ಮುಗಿಯುವ ಹೊತ್ತಿಗೆ ನನ್ನೆತ್ತರದ ಗಿಡ ಕಸಬರಿಗೆಯ ಹಾಗಾಗಿತ್ತು. ಆದರೂ ಅವತ್ತು ಎದೆ ಉಬ್ಬಿಸಿಕೊಂಡು ನಿಂತಿದ್ದೆ. ಒಂದು ಸಲ ನಡೆದದ್ದು ನಮ್ಮಲ್ಲಿ ಪದ್ಧತಿ. ಮರುವರ್ಷದ ಈ ದಸರೆಗೆ ಯಾರೂ ಕೇಳಲಿಲ್ಲ, ಯಾರೂ ಕರೆಯಬೇಕಾಗಿಯೂ ಇರಲಿಲ್ಲ. ಸಂಜೆ ಐದಕ್ಕೆ ಇಡೀ ಓಣಿ ಬರುವುದೆಂದು ಎಲ್ಲರಿಗೂ ಗೊತ್ತಿತ್ತು.

ಗೊತ್ತಿಲ್ಲದಿದ್ದದ್ದು ಆ ಎರಡು ಹಕ್ಕಿಗಳಿಗೆ ಮಾತ್ರ. ಗುಬ್ಬಿಗಿಂತ ಚಿಕ್ಕವು, ಮಣ್ಣಿನ ಬಣ್ಣ, ಬೆಳ್ಳಗಿನ ಹೊಟ್ಟೆ, ಬೂದು ಬಣ್ಣದ ದಪ್ಪ ಕೊಕ್ಕು. ರಾಟವಾಳ ಎನ್ನುತ್ತಾರಂತೆ. ಬನ್ನಿಯ ಮುಳ್ಳುಗಳ ನಡುವೆ, ಕೈಗೆಟಕುವ ಎತ್ತರದಲ್ಲಿ, ಹುಲ್ಲಿನ ಚೆಂಡಿನಂಥ ಗೂಡು ಕಟ್ಟಿದ್ದವು. ಒಳಗೆ ಹಾಸಲು ನೀಲಾ ದೀಪಕ್ಕೆಂದು ಹೊಸೆದಿಟ್ಟ ಹತ್ತಿಯ ಬತ್ತಿಗಳನ್ನೇ ಒಂದೊಂದಾಗಿ ಹೊತ್ತಿದ್ದವು.

“ರೀ, ಸಂಜಿಗೆ ಮಂದಿ ಬಂದ್ರ ಇದು ಉಳಿತೈತೇನ್ರಿ?” ಎಂದಳು ನೀಲಾ, ಪೈಪು ಬಂದ್ ಮಾಡಿ.

“ಗೂಡು ಐತಿ, ಬರಬ್ಯಾಡ್ರಿ ಅಂತ ಹೇಳಿದ್ರಾತು.”

“ಬ್ಯಾಸಗಿಯಾಗ ಹೇಳಿದ್ರಲ್ಲ, ಏನಾತು?”

ಏನಾಗಿತ್ತೆಂದರೆ, ಬೇಸಿಗೆಯಲ್ಲಿ ಕವಳಿಯ ಕಂಟಿಯಲ್ಲಿ ಪಿಕಳಾರವೊಂದು ಗೂಡು ಕಟ್ಟಿತ್ತು. ಸಂತೋಷ ತಡೆಯಲಾರದೆ ನಾನು ಒಬ್ಬರಿಗೆ ಹೇಳಿದೆ. ಒಂದು ಗಂಟೆಯೊಳಗೆ ಇಡೀ ಓಣಿ ಬಂದು ಟೊಂಗೆ ಸರಿಸಿ ನೋಡಿ, “ಅಯ್ಯ, ಎಷ್ಟ್ ಚಂದ ಐತಿ” ಎಂದು ಹೋಯಿತು. ತಾಯಿ ಹಕ್ಕಿ ಮತ್ತೆ ಬರಲಿಲ್ಲ. ತಣ್ಣಗಾದ ಮೊಟ್ಟೆಗಳು ಗೂಡಿನಲ್ಲೇ ಉಳಿದವು. ಆದ್ದರಿಂದ ಗೂಡಿನ ಸುದ್ದಿ ಹೇಳುವಂತಿಲ್ಲ. ಹಬ್ಬದ ದಿನ ಬನ್ನಿ ಕೊಡುವುದಿಲ್ಲ ಎಂದರೆ ಓಣಿಯಲ್ಲಿ ಮುಖವೆತ್ತಿ ತಿರುಗುವಂತಿಲ್ಲ. ಮಧ್ಯಾಹ್ನದ ಹೋಳಿಗೆ ನನಗೆ ರುಚಿಸಲಿಲ್ಲ, ಎರಡೇ ತಿಂದು ಏಳಬೇಕಾಯಿತು. ಕೈ ತೊಳೆಯುವಾಗ ಉಪಾಯವೊಂದು ಹೊಳೆಯಿತು. ಜೀವಮಾನದಲ್ಲಿ ಹೇಳದಂಥ ಸುಳ್ಳು.

ಐದಕ್ಕೆ ಸರಿಯಾಗಿ ಜನ ಬಂದರು. ರೇಷ್ಮೆ ಸೀರೆ, ಪೂಜೆಯ ತಟ್ಟೆ, ಜೋಳದ ತೆನೆ. ನಾನು ಗಿಡಕ್ಕೆ ಬೆನ್ನು ಕೊಟ್ಟು ನಿಂತು ಸೀಟಿ ಊದಿದೆ.

“ಒಂದು ಮಾತೈತಿ. ಇದು ಬನ್ನಿ ಅಲ್ಲ. ಸಸಿ ತರಾಗ ನಾ ಮೋಸ ಹೋಗೀನಿ. ಇದು ಬಳ್ಳಾರಿ ಜಾಲಿ.”

ಹಿಂದಿನಿಂದ ಯಾರೋ ಕೇಳಿದರು:

“ಹಂಗಾದ್ರ ಹ್ವಾದ ವರ್ಷ ನಾವು ಮುಡಿದದ್ದು ಜಾಲಿ ಏನ್ರೀ?”

ಈ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. “ಹೌದು” ಎಂದೆ.

“ಅದಕ್ಕಾ ನಮ್ಮನಿಯಾಗ ವರ್ಷಪೂರ್ತಿ ಜಗಳ!” ಎಂದಳು ಒಬ್ಬಳು ಗಂಡನ ಕಡೆ ನೋಡುತ್ತ.

“ನನಗಂತೂ ಜಾಲಿ ಕೈ ಹಿಡೀತು ಬಿಡ್ರಿ,” ಎಂದ ವಿರೂಪಣ್ಣ. “ಮುಡಿದ ಮ್ಯಾಲ ಎರಡು ಲಾರಿ ಬಂದ್ವು.”

ನಗು ಅಂಗಳ ತುಂಬಿತು. ಜಾಲಿಯ ಮೇಲೆ ಯುದ್ಧ ಸಾರಿದವನು ಜಾಲಿಗೇ ನೀರೆರೆದು, ಅರಿಶಿನ ಕುಂಕುಮ ಹಚ್ಚಿ ಸಾಕಿದ್ದಾನೆ ಎಂಬುದು ಒಬ್ಬೊಬ್ಬರಿಗೇ ಹೊಳೆಯುತ್ತಾ ಹೋದ ಹಾಗೆ ನಗು ಏರಿತು. ನಾನು ಕಿವಿಯವರೆಗೂ ಕೆಂಪಾದೆ; ಅದಿರಿನ ಧೂಳು ಎಂದುಕೊಂಡಿರಲಿ ಎಂದು ಸುಮ್ಮನೆ ನಿಂತೆ. ಆಗ ಹಂಪಮ್ಮಕ್ಕ ಮುಂದೆ ಬಂದರು. ಮೆಟ್ರಿಯಲ್ಲಿ ಹುಟ್ಟಿದವರಿಗೆ ಬನ್ನಿ ಯಾವುದು, ಜಾಲಿ ಯಾವುದು ಕಣ್ಣು ಮುಚ್ಚಿದರೂ ಗೊತ್ತು. ಅವರು ಕೆಳಗಿನ ಟೊಂಗೆಯ ಒಂದು ಎಲೆ ಹರಿದು, ಬೆರಳಲ್ಲಿ ತಿಕ್ಕಿ, ಮೂಸಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

“ಜಾಲಿ,” ಎಂದರು. “ಖರೇನ ಜಾಲಿ. ಪಾಪ, ಮಾಸ್ತರ ಮೋಸ ಹೋಗ್ಯಾರ.”

ಬದುಕಿದೆ ಎಂದುಕೊಂಡೆ. ಜನ ಪೇಟೆಯ ಟೊಂಗೆ ತರಲು ತಿರುಗಿದ್ದರು ಕೂಡ. ಅಷ್ಟರಲ್ಲಿ ವಿರೂಪಣ್ಣ ನನ್ನ ಹೆಗಲ ಮೇಲೆ ಕೈ ಇಟ್ಟ.

“ಸರ, ಓಣಿ ತುಂಬಾ ಜಾಲಿ ಕೀಳಿಸಿದವರು ನೀವು. ನಿಮ್ಮ ಅಂಗಳದಾಗ ಇದು ಇದ್ರ ನಮಗ ಅವಮಾನ. ನಿನ್ನಿ ಆಯುಧ ಪೂಜಿ ಮಾಡಿ ಜೆಸಿಬಿ ನಿಲ್ಲಿಸೀನಿ, ಇನ್ನೂ ಮಣ್ಣು ಮುಟ್ಟಿಲ್ಲ. ಬೋಣಿ ನಿಮ್ಮ ಮನಿಯಾಗ ಆಗ್ಲಿ. ಎರಡ ನಿಮಿಷ.”

“ಬ್ಯಾಡ ವಿರೂಪಣ್ಣ, ನಿಧಾನಕ ನೋಡೂಣು—”

“ಏ, ನನಗೇನೂ ತ್ರಾಸಿಲ್ರೀ! ರೊಕ್ಕದ ಮಾತ ಎತ್ತಬ್ಯಾಡ್ರಿ.” ಅವನು ಆಗಲೇ ಫೋನು ಕಿವಿಗಿಟ್ಟಿದ್ದ.

ಓಣಿಯ ತುದಿಯಿಂದ ಜೆಸಿಬಿ ಬಂತು. ಎರಡೂ ಬದಿಗೆ ಬಾಳೆಕಂದು, ಕೊರಳಿಗೆ ಚೆಂಡುಹೂವಿನ ಮಾಲೆ, ಬಕೆಟ್ಟಿನ ಹಣೆಗೆ ವಿಭೂತಿಯ ಮೂರು ಪಟ್ಟೆ. ಮದುಮಗನ ಹಾಗೆ ಬಂದು ಓಣಿಯ ಕಡೆಯ ನಮ್ಮ ಗೋಡೆಯಾಚೆ ನಿಂತು, ಗೋಡೆಯ ಮೇಲಿಂದ ಕೈ ಚಾಚಿತು. ರಾಟವಾಳಗಳೆರಡೂ ಗಿಡ ಬಿಟ್ಟು ಹಾರಿದವು. ಜನ ಪೇಟೆಯನ್ನು ಮರೆತು ನೋಡಲು ನಿಂತರು. ನಾನು ಸೀಟಿ ಊದಿದೆ. ಆ ಯಂತ್ರದ ಆರ್ಭಟದಲ್ಲಿ ಅದು ಸೊಳ್ಳೆಯ ದನಿಯಷ್ಟೂ ಕೇಳಲಿಲ್ಲ. ಬೇರೆ ದಾರಿ ಕಾಣದೆ ಹೋಗಿ ಗಿಡದ ಮುಂದೆ, ಬಕೆಟ್ಟಿನ ನೇರ ಕೆಳಗೆ, ಎರಡೂ ಕೈ ಅಗಲಿಸಿ ನಿಂತು ಕೂಗಿದೆ:

“ಇದು ಬನ್ನಿ! ನಾ ಸುಳ್ಳು ಹೇಳೀನಿ! ಗೂಡು ಐತಿ, ಮರಿ ಅದಾವು!”

ಡ್ರೈವರು ನನ್ನನ್ನು ಕಂಡು ಗಾಬರಿಯಾಗಿ ಎಂಜಿನ್ ಆರಿಸಿದ್ದ. ಹಾಗಾಗಿ ನನ್ನ ಅಷ್ಟೂ ಮಾತುಗಳು ಮೂರನೆಯ ಅಂತಸ್ತಿನವರೆಗೂ ಕೇಳಿಸಿದವು. ಎಲ್ಲರೂ ನನ್ನನ್ನು ನೋಡಿದರು. ಆಮೇಲೆ ಹಂಪಮ್ಮಕ್ಕನ ಕಡೆ ತಿರುಗಿದರು.

“ಅಲ್ಲಬೇ ಹಂಪಮ್ಮಾ, ನೀನೂ ಜಾಲಿ ಅಂದಿ?”

“ಮಾಸ್ತರಗ ಸುಳ್ಳು ಹೇಳಾಕ ಬರಂಗಿಲ್ಲ,” ಎಂದರು ಹಂಪಮ್ಮಕ್ಕ, ಏನೂ ಆಗಿಲ್ಲವೆಂಬಂತೆ. “ಜೋಡಿಗೊಬ್ಬರು ಬೇಕಲ್ಲ, ಪಾಪ. ನಾ ವಾರದಿಂದ ಗ್ವಾಡಿ ಮ್ಯಾಲಿಂದ ಆ ಗೂಡು ನೋಡಾಕತ್ತೀನಿ.”

ವಿರೂಪಣ್ಣನ ಮುಖ ಬಾಡಿತು. ಅವನಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಪೂಜೆ ಮಾಡಿದ ಯಂತ್ರ ಎತ್ತಿದ ಕೈ ಬರಿದೇ ಇಳಿಸಿದರೆ ವರ್ಷವೆಲ್ಲ ಕೇಡು ಎಂಬ ಹೆದರಿಕೆ. ಬನ್ನಿ ಕಾಣದೆ ಹಿಂದಿರುಗುವ ಹೆಂಗಸರ ಮುಖವೂ ಅಷ್ಟೇ ಸಣ್ಣದಾಗಿತ್ತು. ಹಂಪಮ್ಮಕ್ಕ ಎರಡೂ ಕಡೆಯವರಿಗೂ ಒಂದೊಂದು ದಾರಿ ಮಾಡಿದರು. ಕೈಯಲ್ಲಿದ್ದ ಆ ಒಂದೇ ಎಲೆಯನ್ನು ಎತ್ತಿ ಹಿಡಿದರು. ಬನ್ನಿಯ ಒಂದು ಎಲೆಯೆಂದರೆ ಕಡ್ಡಿಯ ಎರಡೂ ಬದಿಗೆ ಅಕ್ಕಿ ಕಾಳಿನಂಥ ಚಿಕ್ಕ ಚಿಕ್ಕ ದಳಗಳ ಸಾಲು. ಅದರಿಂದ ಒಂದೊಂದೇ ದಳ ಬಿಡಿಸಿ ಒಬ್ಬೊಬ್ಬರ ಅಂಗೈಗೆ ಹಾಕುತ್ತಾ ಹೋದರು.

“ಬಂಗಾರದ ರೇಟು ಎಲ್ಲಿಗ್ ಹೋಗೈತಿ ನೋಡೀರೇನು? ಹಿಡಿ ಹಿಡಿ ಹಂಚೂ ಕಾಲ ಹ್ವಾತು. ಹಿಡಕೋರಿ, ಒಬ್ಬೊಬ್ಬರಿಗೆ ಒಂದು. ಉದುರಿಸಬ್ಯಾಡ್ರಿ.”

ಯಾರೂ ಉದುರಿಸಲಿಲ್ಲ. ಹೋದ ವರ್ಷ ಹಿಡಿಗಟ್ಟಲೆ ಹರಿದು ದಾರಿಯುದ್ದಕ್ಕೂ ಚೆಲ್ಲಿದವರು ಈ ವರ್ಷ ಒಂದು ದಳವನ್ನು ಮೂಗುತಿಯಂತೆ ಎರಡು ಬೆರಳಲ್ಲಿ ಹಿಡಿದು ಒಬ್ಬರಿಗೊಬ್ಬರು ಕೊಟ್ಟುಕೊಂಡರು. ವಿರೂಪಣ್ಣ ತನ್ನ ಪಾಲನ್ನು ಪಾಕೀಟಿನಲ್ಲಿಟ್ಟು, ಇದೆಯೇ ಎಂದು ಮತ್ತೊಮ್ಮೆ ತೆರೆದು ನೋಡಿದ. ಅವನ ಬೋಣಿಗೆ ಹಂಪಮ್ಮಕ್ಕ ಓಣಿಯ ತುದಿ ತೋರಿಸಿದರು. “ಅಲ್ಲಿ ಒಂದು ಗುಂಡಿ ತೋಡಸಪಾ. ಓಣಿಗಂತ ಒಂದು ಬನ್ನಿ ಹಚ್ಚೂಣು. ವರ್ಷಾ ವರ್ಷಾ ಮಾಸ್ತರನ ಗಿಡಕ್ಕ ಬಾಯಿ ಬಿಡೂದು ತಪ್ಪತೈತಿ.” ಜೆಸಿಬಿ ಹೋಗಿ ತೋಡಿತು. ಮುಂದೆ ತರಬೇಕಾದ ಗೇಣುದ್ದದ ಸಸಿಗೆ ಎತ್ತಿನ ಬಂಡಿ ಹೂಳುವಷ್ಟು ದೊಡ್ಡ ಗುಂಡಿ. ವಿರೂಪಣ್ಣ ತೆಂಗಿನಕಾಯಿ ಒಡೆದ, ಎಲ್ಲರಿಗೂ ಸಮಾಧಾನವಾಯಿತು.

ನನಗೆ ಮಾತ್ರ ಆಗಿರಲಿಲ್ಲ. ಗುಂಡಿ ನೋಡಿ ಮುಗಿಸಿದ ಜನ ಮತ್ತೆ ನಮ್ಮ ಗೇಟಿಗೆ ಬಂದಿದ್ದರು, ಈಗ ಗೂಡು ನೋಡಲು. ಗದ್ದಲಕ್ಕೆ ಹಾರಿದ ರಾಟವಾಳಗಳು ದೂರದ ಕರೆಂಟಿನ ತಂತಿಯ ಮೇಲೆ ಪಕ್ಕಪಕ್ಕ ಕೂತಿದ್ದವು. ಕೆಳಗೆ ಇಳಿಯುತ್ತಿರಲಿಲ್ಲ. ಗೂಡಿನೊಳಗೆ ಸದ್ದಿರಲಿಲ್ಲ. ಹೊತ್ತು ಮುಳುಗುವುದರೊಳಗೆ ಅವು ಬರದಿದ್ದರೆ ಬರುವುದೇ ಇಲ್ಲ ಎಂದು ಬೇಸಿಗೆಯ ಆ ಮೊಟ್ಟೆಗಳು ನನಗೆ ಕಲಿಸಿದ್ದವು. ಸೀಟಿ ಊದಿದರೆ ಇರುವ ಹಕ್ಕಿಯೂ ಹೋದೀತು. ನಾನು ಒಬ್ಬೊಬ್ಬರ ಹತ್ತಿರವೂ ಹೋಗಿ ಪಿಸುಮಾತಿನಲ್ಲಿ ಕೈಮುಗಿದೆ. ಡ್ರಿಲ್ ಮಾಸ್ತರ ಪಿಸುಗುಟ್ಟಿದ್ದನ್ನು ಅವರು ಕಂಡದ್ದು ಅದೇ ಮೊದಲು. ಬಹುಶಃ ಗಾಬರಿಯಿಂದಲೇ ಹೋದರು. ಫೋಟೋ ತೆಗೆಯಬೇಕೆಂದು ಉಳಿದ ವಿರೂಪಣ್ಣನನ್ನು ಹಂಪಮ್ಮಕ್ಕ ರಟ್ಟೆ ಹಿಡಿದು ಗೇಟಿನಾಚೆ ದಾಟಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಓಣಿ ಖಾಲಿ ಆತು. ಇನ್ನ ನೀವು?”

“ನಾ ಇಲ್ಲೇ ದೂರ ನಿಂತು ನೋಡ್ತೀನಿ ಅಕ್ಕಾ. ಅವಕ್ಕ ನನ್ನ ಪರಿಚಯ ಐತಿ.”

“ಜೆಸಿಬಿ ಕರಸಿದವರು ಅಂತ ಪರಿಚಯ ಐತಿ. ನಡೀರಿ ಒಳಗ.”

ನಡೆದೆ. ನೀಲಾ ಕಿಟಕಿ ಮುಚ್ಚಿ, ದೀಪವನ್ನೂ ಹಚ್ಚದೆ ಪಡಸಾಲೆಯಲ್ಲಿ ಕೂತಿದ್ದಳು. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಹಬ್ಬದ ದಿನ ದೀಪ ಹಚ್ಚುವ ಹೊತ್ತಿಗೆ ಹಾಗೆ ಕತ್ತಲಲ್ಲಿ ಕೂತದ್ದು ನಮ್ಮ ಮನೆಯಲ್ಲಿ ಹಿಂದೆಂದೂ ಇಲ್ಲ. ರಸ್ತೆಯಲ್ಲಿ ಲಾರಿಯೊಂದು ಹೋಯಿತು. ಅದರ ಹಿಂದೆ ಮತ್ತೊಂದು. ಅದು ದೂರವಾದ ಮೇಲೆ ಅಂಗಳದ ಕಡೆಯಿಂದ ಸಣ್ಣಗೆ, ಆಮೇಲೆ ಒಂದೇ ಸಲಕ್ಕೆ ಜೋರಾಗಿ, ಹಸಿದ ಮರಿಗಳ ಚಿಟಿಚಿಟಿ ಕೇಳಿಸಿತು.

“ಬಂದ್ವು,” ಎಂದಳು ನೀಲಾ.

ಎರಡೂ ಬಂದವೋ, ಒಂದೇ ಬಂತೋ? ಎದ್ದೆ. ಬಾಗಿಲವರೆಗೆ ಹೋದೆ. ಮೇಲಿನ ಅಗಳಿಯನ್ನೂ ಹಾಕಿಕೊಂಡು ಬಂದು ಕೂತೆ.